ಕಾಟೇಜ್ ತೋಟದಲ್ಲಿ ಕೊಲಂಬೈನ್: ಬಿತ್ತನೆಯಿಂದ ಬೀಜ ಕಟ್ಟುವವರೆಗೆ

ಇಂಗ್ಲೆಂಡಿನ ಕೈತೋಟಗಳಲ್ಲಿ ಮೇ ತಿಂಗಳ ನಡುವೆ ಹೂವಿಗೆ ಒಂದು ಬರ ಬರುತ್ತದೆ. ಟ್ಯೂಲಿಪ್ ಉದುರಿರುತ್ತದೆ, ಗುಲಾಬಿ ಇನ್ನೂ ಮೊಗ್ಗು ಬಿಚ್ಚಿರುವುದಿಲ್ಲ. ಆ ಮೂರು–ನಾಲ್ಕು ವಾರ ತೋಟ ತುಂಬಿದಂತೆ ಕಾಣಬೇಕಾದರೆ ಕೊಲಂಬೈನ್ ನೆಡಬೇಕು. ನರ್ಸರಿಯ ಚೀಟಿಯಲ್ಲಿ ಇದರ ಹೆಸರು ಅಕ್ವಿಲೀಜಿಯ. ಬ್ರಿಟನ್ನಿನ ಹಳಬರ ಬಾಯಲ್ಲಿ ಇದು ‘ಗ್ರ್ಯಾನೀಸ್ ಬಾನೆಟ್’. ತೆಳ್ಳನೆಯ ಕಾಂಡದ ತುದಿಯಲ್ಲಿ ತಲೆ ಬಾಗಿಸಿದ ಹೂ, ಐದು ದಳ, ಒಂದೊಂದು ದಳದ ಹಿಂದೆಯೂ ಮಕರಂದ ತುಂಬಿದ ಒಂದು ಕೊಂಬು. ಬುಡದಲ್ಲಿ ನೀಲಿಹಸಿರು ಬಣ್ಣದ ಸೀಳೆಲೆಗಳು.

ಬಹುವಾರ್ಷಿಕ ಎಂದು ಮಾರುತ್ತಾರಾದರೂ ಒಂದು ಗಿಡ ಚೆನ್ನಾಗಿ ಹೂ ಕೊಡುವುದು ಮೂರು–ನಾಲ್ಕು ವರ್ಷ ಮಾತ್ರ. ಆಮೇಲೆ ಬುಡ ಮರದಂತೆ ಗಟ್ಟಿಯಾಗಿ, ಹೂ ಕಡಿಮೆಯಾಗಿ, ಒಂದು ಚಳಿಗಾಲದಲ್ಲಿ ಹೋಗಿಬಿಡುತ್ತದೆ. ಹಾಗಿದ್ದೂ ಹಳೆಯ ಕಾಟೇಜ್ ತೋಟಗಳಲ್ಲಿ (ಬಗೆಬಗೆಯ ಹೂಗಿಡ ಒತ್ತೊತ್ತಾಗಿ ಬೆರೆತು ಬೆಳೆಯುವ ಹಳ್ಳಿಮನೆಯ ತೋಟಗಳಲ್ಲಿ) ಕೊಲಂಬೈನ್ ದಶಕಗಳ ಕಾಲ ಉಳಿದಿರುವುದಕ್ಕೆ ಕಾರಣ ಅದು ತಾನೇ ಬೀಜ ಚೆಲ್ಲಿ ಹುಟ್ಟಿಕೊಳ್ಳುವುದು. ಹಾಗಾಗಿ ಒಂದೊಂದು ಗಿಡವನ್ನೂ ಜೋಪಾನ ಮಾಡುತ್ತ ಕೂರುವುದಕ್ಕಿಂತ ಅದರ ಸಂತತಿಯನ್ನು ನಿಭಾಯಿಸುವುದು ಮುಖ್ಯ. ಯಾವ ಗಿಡ ಬೀಜ ಕಟ್ಟಬೇಕು, ಯಾವುದು ಕಟ್ಟಬಾರದು, ಹುಟ್ಟಿದ ಸಸಿಗಳಲ್ಲಿ ಯಾವುದು ಉಳಿಯಬೇಕು ಎಂಬ ನಿರ್ಧಾರಗಳ ಸುತ್ತಲೇ ಇಲ್ಲಿನ ಬಹುಪಾಲು ಕೆಲಸವಿದೆ.

ಕೆಳಗೆ ಹೇಳಿರುವ ತಿಂಗಳುಗಳೆಲ್ಲ ದಕ್ಷಿಣ ಇಂಗ್ಲೆಂಡಿನ ಹವೆಗೆ ಹೊಂದುವಂಥವು. ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ವಸಂತದ ಕೆಲಸಗಳನ್ನು ಎರಡು–ಮೂರು ವಾರ ಮುಂದಕ್ಕೆ ಹಾಕಿಕೊಳ್ಳಿ.

ಯಾವುದನ್ನು ಆರಿಸುವುದು

ಕಾಟೇಜ್ ತೋಟದ ಮೂಲ ಗಿಡ ಯೂರೋಪಿನ ಕಾಡಂಚುಗಳಲ್ಲಿ ತಾನಾಗಿ ಬೆಳೆಯುವ ಅಕ್ವಿಲೀಜಿಯ ವಲ್ಗ್ಯಾರಿಸ್. ಎತ್ತರ 60ರಿಂದ 90 ಸೆಂ.ಮೀ., ಕೊಂಬು ಗಿಡ್ಡ, ತುದಿ ಒಳಕ್ಕೆ ಸುರುಳಿ. ನೀಲಿ, ನೇರಳೆ, ಗುಲಾಬಿ, ಬಿಳಿ ಬಣ್ಣಗಳಲ್ಲಿ ಸಿಗುತ್ತದೆ. ಮೊದಲ ಸಲ ಬೆಳೆಯುವವರು ಇದರಿಂದಲೇ ಶುರು ಮಾಡಲಿ. ಮಣ್ಣಿನ ವಿಷಯದಲ್ಲಿ ಇದಕ್ಕೆ ಹಟ ಕಡಿಮೆ, ಸುಣ್ಣದ ಮಣ್ಣಿನಲ್ಲೂ ಬದುಕುತ್ತದೆ.

ಇದರ ಬಿಳಿ ಬಗೆ ‘ನಿವಿಯ’. ಸರ್ರಿಯ ಮನ್‌ಸ್ಟೆಡ್ ವುಡ್‌ನಲ್ಲಿ ತೋಟ ಮಾಡಿದ್ದ ಗರ್ಟ್ರೂಡ್ ಜೀಕಿಲ್ ಅವರ ನೆನಪಿನಿಂದ ‘ಮನ್‌ಸ್ಟೆಡ್ ವೈಟ್’ ಎಂಬ ಹೆಸರಿನಲ್ಲೂ ಮಾರುತ್ತಾರೆ. ಅರೆನೆರಳಿನ ಮೂಲೆಗೆ ಇದಕ್ಕಿಂತ ಒಳ್ಳೆಯದು ಕಷ್ಟ. ‘ವಿಲಿಯಂ ಗಿನ್ನೆಸ್’ ಕಡುನೇರಳೆ ಮತ್ತು ಬಿಳಿಯ ಜೋಡಿ. ಹತ್ತಿರದಿಂದ ನೋಡಿದರೆ ಸೊಗಸು, ಆದರೆ ದೂರದಿಂದ ನೆರಳಿನಲ್ಲಿ ಕಾಣುವುದೇ ಇಲ್ಲ, ಆದ್ದರಿಂದ ಕಾಲುದಾರಿಯ ಪಕ್ಕದಲ್ಲೇ ನೆಡಿ. ‘ನೋರಾ ಬಾರ್ಲೊ’ ಕೊಂಬಿಲ್ಲದ, ಒತ್ತು ದಳಗಳ ಹೂ, ಗುಲಾಬಿ–ಬಿಳಿ–ಹಸಿರು ಬಣ್ಣ. ಚಾರ್ಲ್ಸ್ ಡಾರ್ವಿನ್ನರ ಮೊಮ್ಮಗಳ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಬೀಜದಿಂದ ಬೆಳೆದರೂ ಸುಮಾರಾಗಿ ತಾಯಿಯಂತೆಯೇ ಬರುತ್ತದೆ. ಕೊಂಬಿಲ್ಲವಾದ್ದರಿಂದ ಜೇನುನೊಣ, ಬಂಬಲ್‌ಬೀಗಳಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಕೀಟಗಳಿಗಾಗಿಯೂ ತೋಟ ಮಾಡುವವರು ಒಂದೆರಡು ಗಿಡಕ್ಕೆ ನಿಲ್ಲಿಸುವುದು ಒಳ್ಳೆಯದು.

1955ರಲ್ಲಿ ಹೊಸ ತಳಿಗಳನ್ನು ಬೆಳೆಸಿ ಪರೀಕ್ಷಿಸುವ ಅಮೆರಿಕದ ಆಲ್-ಅಮೆರಿಕ ಸೆಲೆಕ್ಷನ್ಸ್ ಸಂಸ್ಥೆಯ ಮನ್ನಣೆ ಪಡೆದ ‘ಮೆಕಾನಾ’ ಮಿಶ್ರತಳಿಗಳು ದೊಡ್ಡ ಹೂ, ಉದ್ದ ಕೊಂಬು, ಎರಡೆರಡು ಬಣ್ಣದವು. ಬೀಜದ ಅಂಗಡಿಯ ಚಿತ್ರಗಳಲ್ಲಿ ಕಣ್ಣು ಸೆಳೆಯುವುದು ಇವೇ. ಆದರೆ ಆಯಸ್ಸು ವಲ್ಗ್ಯಾರಿಸ್‌ಗಿಂತ ಕಡಿಮೆ, ನೀರು ನಿಲ್ಲುವ ಮಣ್ಣಿನಲ್ಲಿ ಮೊದಲು ಕೊಳೆಯುವುದೂ ಇವೇ. ಕುಂಡಕ್ಕಾದರೆ 35–40 ಸೆಂ.ಮೀ. ಎತ್ತರದ ‘ವಿಂಕಿ’ ಸರಣಿ ಸಾಕು. ಅದರ ಹೂಗಳು ಮೇಲ್ಮುಖವಾಗಿರುತ್ತವೆ.

ಮಿಶ್ರ ಬಣ್ಣದ ಪೊಟ್ಟಣ ಕೊಳ್ಳಬೇಡಿ. ಮೊದಲ ವರ್ಷ ಸಂತೆ ನೆರೆದಂತೆ ಕಾಣುತ್ತದೆ. ಆದರೆ ಒಂದರ ಪರಾಗ ಇನ್ನೊಂದಕ್ಕೆ ಬಿದ್ದು ನಾಲ್ಕೈದು ವರ್ಷದಲ್ಲಿ ತೋಟವೆಲ್ಲ ಮಸುಕು ನೇರಳೆಯ ಕಡೆಗೆ ವಾಲುತ್ತದೆ. ಎರಡು ಬಗೆ ಆರಿಸಿ ಅವುಗಳಲ್ಲೇ ನಿಲ್ಲಿ: ಉದಾಹರಣೆಗೆ ಒಂದು ಕಡುನೀಲಿ, ಒಂದು ಬಿಳಿ.

ಜಾಗ ಮತ್ತು ಮಣ್ಣು

ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು. ದಿನಕ್ಕೆ ನಾಲ್ಕರಿಂದ ಆರು ಗಂಟೆ ಬಿಸಿಲು ಬಿದ್ದರೆ ಸಾಕು. ದಿನವಿಡೀ ಬಿಸಿಲು ಬೀಳುವ, ಒಣಗುವ ಗೋಡೆಬದಿಯಲ್ಲಿ ಜೂನ್ ಮುಗಿಯುವುದರೊಳಗೆ ಎಲೆ ಹಳದಿಯಾಗಿ ಮಲಗುತ್ತದೆ. ದಟ್ಟ ನೆರಳಿನಲ್ಲಿ ಕಾಂಡ ಉದ್ದವಾಗಿ ಬೆಳಕಿನತ್ತ ವಾಲಿ, ಹೂ ನಾಲ್ಕೇ ನಾಲ್ಕು. ಎಲೆ ಉದುರಿಸುವ ಮರಗಳ ಅಂಚು, ಗುಲಾಬಿ ಪೊದೆಗಳ ನಡುವೆ, ಪೂರ್ವಾಭಿಮುಖದ ಗೋಡೆಯ ಬುಡ ಇವೆಲ್ಲ ಒಳ್ಳೆಯ ಜಾಗಗಳು.

ಮಣ್ಣು ತೇವ ಹಿಡಿಯಬೇಕು, ನೀರು ನಿಲ್ಲಬಾರದು. ಪರೀಕ್ಷೆ ಸುಲಭ: 30 ಸೆಂ.ಮೀ. ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ. ಎರಡನೆಯ ಸಲದ ನೀರು ನಾಲ್ಕೈದು ಗಂಟೆಯಲ್ಲಿ ಇಂಗಿದರೆ ತೊಂದರೆಯಿಲ್ಲ. ಮರುದಿನವೂ ನಿಂತಿದ್ದರೆ ಅದು ಕೊಲಂಬೈನ್‌ಗೆ ತಕ್ಕ ಜಾಗವಲ್ಲ. ರಸಸಾರ (pH) 6ರಿಂದ 7ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅದಕ್ಕಾಗಿ ಸುಣ್ಣ ಸುರಿಯುವ, ಗಂಧಕ ಬೆರೆಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಲಂಡನ್ ಸುತ್ತಮುತ್ತಲಿನ ಜೇಡಿಮಣ್ಣಿನಲ್ಲಿ ಬಹಳ ಜನ ಎಡವುವುದು ಗುಂಡಿ ತೋಡಿ ಅದರೊಳಕ್ಕೆ ಮಾತ್ರ ಸಡಿಲ ಕಾಂಪೋಸ್ಟ್ ತುಂಬುವುದರಿಂದ. ಸುತ್ತಲಿನ ಜೇಡಿ ನೀರನ್ನು ಬಿಡದ ಕಾರಣ ಮಳೆಗಾಲದಲ್ಲಿ ಆ ಗುಂಡಿ ಬಾವಿಯಾಗುತ್ತದೆ, ಬೇರು ಅದರಲ್ಲಿ ಮುಳುಗಿ ಕೊಳೆಯುತ್ತದೆ. ಗುಂಡಿಯನ್ನಲ್ಲ, ಇಡೀ ಪಾತಿಯನ್ನು ಹದ ಮಾಡಬೇಕು. ಪಾತಿಯ ಮೇಲೆ 5 ಸೆಂ.ಮೀ. ದಪ್ಪ ಎಲೆಗೊಬ್ಬರ ಅಥವಾ ಕಳಿತ ಮರದ ತೊಗಟೆ ಹರಡಿ, ಸಲಿಕೆಯಿಂದ 20–25 ಸೆಂ.ಮೀ. ಆಳಕ್ಕೆ ಬೆರೆಸಿ. ಮಣ್ಣು ಒದ್ದೆಯಾಗಿ ಸಲಿಕೆಗೆ ಮೆತ್ತುತ್ತಿರುವಾಗ ಈ ಕೆಲಸಕ್ಕೆ ಇಳಿಯಬೇಡಿ. ಕುದುರೆಲದ್ದಿ, ಕೋಳಿಗೊಬ್ಬರಗಳಂಥ ಬಿರುಸಿನ ಗೊಬ್ಬರ ಬೇಡ. ಸಾರಜನಕ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಕಾಂಡ ಮೆತ್ತಗಾಗಿ ಮೊದಲ ಗಾಳಿಗೇ ಮಲಗುತ್ತದೆ, ಸಸ್ಯಹೇನು ಹುಡುಕಿಕೊಂಡು ಬರುತ್ತದೆ.

ಬೀಜದಿಂದ

ಕೊಲಂಬೈನ್ ಬೀಜ ಗಸಗಸೆಗಿಂತ ಸ್ವಲ್ಪ ದೊಡ್ಡದು, ಕಪ್ಪು, ಹೊಳಪು. ಮೊಳೆಯುವುದಕ್ಕೆ ಬೆಳಕು ಬೇಕು, ಹಳೆಯದಾದಷ್ಟೂ ಚಳಿ ಕೂಡ ಬೇಕು. ಈ ಎರಡರಲ್ಲಿ ಒಂದನ್ನು ಮರೆತವರೇ ‘ಬೀಜ ಸತ್ತಿದೆ’ ಎಂದು ದೂರುವುದು.

ಜೂನ್ ಕೊನೆ, ಜುಲೈಯಲ್ಲಿ ಗಿಡದಿಂದಲೇ ತೆಗೆದ ಹೊಸ ಬೀಜವಾದರೆ ಯಾವ ಉಪಚಾರವೂ ಬೇಡ. ಆಗಲೇ ಬಿತ್ತಿ, ಕುಂಡವನ್ನು ಹೊರಗೆ ನೆರಳಿನಲ್ಲಿಡಿ. ಕೆಲವು ಒಂದೆರಡು ತಿಂಗಳಲ್ಲಿ ಮೊಳೆಯುತ್ತವೆ, ಉಳಿದವು ಚಳಿಗಾಲ ಕಳೆದು ಮಾರ್ಚ್‌ನಲ್ಲಿ ಏಳುತ್ತವೆ. ಪೊಟ್ಟಣದಲ್ಲಿ ಬಂದ ಒಣ ಬೀಜವಾದರೆ ಎರಡು ದಾರಿ: ಅಕ್ಟೋಬರ್–ನವೆಂಬರಿನಲ್ಲಿ ಬಿತ್ತಿ ಚಳಿಗಾಲವೆಲ್ಲ ಹೊರಗೇ ಬಿಡುವುದು, ಇಲ್ಲವೇ ಫ್ರಿಜ್ಜಿನಲ್ಲಿ ಚಳಿ ಕೊಟ್ಟು ಮಾರ್ಚ್‌ನಲ್ಲಿ ಬಿತ್ತುವುದು. ಫ್ರಿಜ್ ದಾರಿ ಹೀಗೆ:

1. ಫೆಬ್ರವರಿ ಮೊದಲ ವಾರ ಒಂದು ಹಿಡಿ ವರ್ಮಿಕ್ಯುಲೈಟನ್ನು (ತೇವ ಹಿಡಿಯುವ ಹಗುರ ಖನಿಜದ ಚೂರು) ನೀರಿನಲ್ಲಿ ನೆನೆಸಿ ಹಿಂಡಿ. ಹಿಂಡಿದಾಗ ಬೆರಳಿಗೆ ತೇವ ತಾಗಬೇಕು, ಹನಿ ಬೀಳಬಾರದು. ಬೀಜ ಬೆರೆಸಿ ಜಿಪ್ ಚೀಲಕ್ಕೆ ಹಾಕಿ, ಬಗೆ ಮತ್ತು ದಿನಾಂಕ ಬರೆಯಿರಿ.

2. ಫ್ರಿಜ್ಜಿನ ಕೆಳಹಲಗೆಯಲ್ಲಿ, 3–5 ಡಿಗ್ರಿಯಲ್ಲಿ, ಮೂರರಿಂದ ನಾಲ್ಕು ವಾರ ಇಡಿ. ಫ್ರೀಜರಿನಲ್ಲಿ ಅಲ್ಲ. ವಾರಕ್ಕೊಮ್ಮೆ ತೆರೆದು ನೋಡಿ. ಬೂಜು ಕಂಡರೆ ತೇವ ಹೆಚ್ಚಾಗಿದೆ ಎಂದರ್ಥ. ಒಳಗೇ ಬಿಳಿ ಮೊಳಕೆ ಕಂಡರೆ ಕಾಯದೆ ಬಿತ್ತಿಬಿಡಿ.

3. 9 ಸೆಂ.ಮೀ. ಕುಂಡಕ್ಕೆ ಮೂರು ಪಾಲು ಬೀಜ ಬಿತ್ತುವ ಕಾಂಪೋಸ್ಟ್, ಒಂದು ಪಾಲು ಪರ್ಲೈಟ್ (ಮಣ್ಣು ಸಡಿಲಿಸುವ ಹಗುರ ಬಿಳಿ ಖನಿಜದ ಚೂರು) ಅಥವಾ ದಪ್ಪ ಮರಳು ತುಂಬಿ ಅಂಗೈಯಿಂದ ಮಟ್ಟ ಮಾಡಿ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ನೀರು ಹೀರಿಸಿ. ಬಿತ್ತಿದ ಮೇಲೆ ಮೇಲಿನಿಂದ ನೀರು ಹೊಯ್ದರೆ ಬೀಜವೆಲ್ಲ ಒಂದು ಮೂಲೆ ಸೇರುತ್ತದೆ.

4. ಕುಂಡಕ್ಕೆ 20–25 ಬೀಜದಂತೆ ಮೇಲೆಯೇ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ. ಮಣ್ಣು ಮುಚ್ಚಬೇಡಿ. ಒಣಗುವ ಭಯವಿದ್ದರೆ ಬೀಜ ಅರೆಬರೆ ಕಾಣುವಷ್ಟು ತೆಳುವಾಗಿ ವರ್ಮಿಕ್ಯುಲೈಟ್ ಉದುರಿಸಬಹುದು, ಅದು ಬೆಳಕನ್ನು ಒಳಗೆ ಬಿಡುತ್ತದೆ.

5. 15–18 ಡಿಗ್ರಿಯ, ನೇರ ಬಿಸಿಲು ಬೀಳದ ಕಿಟಕಿಯಲ್ಲಿಡಿ. ರೇಡಿಯೇಟರಿನ ಮೇಲಿನ ಕಿಟಕಿಕಟ್ಟೆ ಬೇಡ, ಅಲ್ಲಿನ ಕಾವಿಗೆ ಬೀಜ ಮತ್ತೆ ನಿದ್ದೆಗೆ ಜಾರುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಮೊಳಕೆ ಬರಬೇಕು. ಬರದಿದ್ದರೂ ಕುಂಡ ಎಸೆಯಬೇಡಿ. ಹೊರಗೆ ನೆರಳಿನಲ್ಲಿಟ್ಟು ಮುಂದಿನ ವಸಂತದವರೆಗೆ ತೇವವಾಗಿಡಿ, ಎಷ್ಟೋ ಸಲ ಆಗ ಏಳುತ್ತದೆ.

6. ಮೊದಲ ಜೋಡಿ ಎಲೆ ಸಾದಾ ಗುಂಡೆಲೆ. ಅದರ ನಂತರ ಬರುವ, ಮೂರು ಭಾಗವಾಗಿ ಸೀಳಿದ ಎಲೆಯೇ ನಿಜವಾದ ಎಲೆ. ಅಂಥವು ಎರಡು ಬಂದ ಕೂಡಲೇ ಬೇರೆ ಮಾಡಿ. ಕಾಂಡ ಹಿಡಿಯಬೇಡಿ, ಎಲೆ ಹಿಡಿದು, ಪೆನ್ಸಿಲಿನಿಂದ ಬುಡ ಎಬ್ಬಿಸಿ, ಒಂದೊಂದನ್ನೂ 7 ಸೆಂ.ಮೀ. ಕುಂಡಕ್ಕೆ ಹಾಕಿ. ಇಲ್ಲಿ ತಡ ಮಾಡಿದರೆ ತಾಯಿಬೇರು ಕುಂಡದ ತಳ ಮುಟ್ಟಿ ಸುತ್ತಿಕೊಳ್ಳುತ್ತದೆ, ಆಮೇಲೆ ಬಿಡಿಸುವಾಗ ಮುರಿಯುತ್ತದೆ.

ಸಸಿಗಳು ಬುಡ ಕಪ್ಪಾಗಿ ಸಾಲಾಗಿ ಬಿದ್ದುಹೋದರೆ ಅದು ಸಸಿ ಕೊಳೆರೋಗ. ಒತ್ತಾಗಿ ಬಿತ್ತಿದ್ದು, ಗಾಳಿಯಾಡದಂತೆ ಮುಚ್ಚಿಟ್ಟಿದ್ದು, ಹಳೆಯ ಕುಂಡ ತೊಳೆಯದೆ ಬಳಸಿದ್ದು ಇದರ ಮೂಲ. ಮೊಳಕೆ ಕಂಡ ದಿನವೇ ಮುಚ್ಚಳ ತೆಗೆಯಿರಿ.

ಮೇ ತಿಂಗಳಿನಿಂದ ಸಸಿಗಳನ್ನು ಹೊರಗಿಡಬಹುದು. ಮೊದಲ ಹತ್ತು ದಿನ ಹಗಲು ಹೊರಗೆ, ರಾತ್ರಿ ಒಳಗೆ. ಮಾರ್ಚ್‌ನಲ್ಲಿ ಬಿತ್ತಿದ್ದು ಆ ವರ್ಷ ಹೂ ಬಿಡುವುದಿಲ್ಲ, ಬರೀ ಎಲೆ. ಹೂ ಮರುವರ್ಷದ ಮೇಗೆ. ಚಳಿಯಲ್ಲಿ ಒಂದು ಸಲ ಮಲಗಿ ಎದ್ದರೆ ಮಾತ್ರ ಗಿಡ ಮೊಗ್ಗು ಕಟ್ಟುತ್ತದೆ.

ನೆಡುವುದು

ಸೆಪ್ಟೆಂಬರ್ ಅತ್ಯುತ್ತಮ ಕಾಲ: ಮಣ್ಣಿನಲ್ಲಿ ಕಾವು ಉಳಿದಿರುತ್ತದೆ, ಮಳೆ ಶುರುವಾಗಿರುತ್ತದೆ. ತಪ್ಪಿದರೆ ಮಾರ್ಚ್ ಕೊನೆ. ನರ್ಸರಿಯಿಂದ ಕೊಳ್ಳುವುದಾದರೆ 9 ಸೆಂ.ಮೀ. ಕುಂಡದ, ಇನ್ನೂ ಹೂ ಬಿಡದ ಎಳೆಯ ಗಿಡ ಕೊಳ್ಳಿ. ದೊಡ್ಡ ಕುಂಡದಲ್ಲಿ ಹೂ ತುಂಬಿ ನಿಂತ ಗಿಡಕ್ಕೆ ದುಡ್ಡೂ ಹೆಚ್ಚು, ಬೇರು ಸುತ್ತಿಕೊಂಡಿರುವ ಸಂಭವವೂ ಹೆಚ್ಚು. ಕೊಳ್ಳುವ ಮುಂಚೆ ಎಲೆ ತಿರುವಿ ಅಡಿಭಾಗ ನೋಡಿ. ಯಾಕೆಂದು ರೋಗದ ಭಾಗದಲ್ಲಿ ಹೇಳಿದೆ.

ಎತ್ತರದ ಬಗೆಗೆ 40–45 ಸೆಂ.ಮೀ., ಗಿಡ್ಡ ಬಗೆಗೆ 30 ಸೆಂ.ಮೀ. ಅಂತರ. ಗುಂಡಿ ಬೇರುಂಡೆಗಿಂತ ಆಳವಾಗಿರಲಿ, ಆದರೆ ಎಲೆ ಹೊರಡುವ ಬುಡ ಸುತ್ತಲಿನ ಮಣ್ಣಿನ ಮಟ್ಟಕ್ಕೇ ನಿಲ್ಲಬೇಕು. ಒಂದು ಬೆರಳು ಕೆಳಗಿಳಿದರೂ ಚಳಿಗಾಲದ ತೇವಕ್ಕೆ ಬುಡ ಕೊಳೆಯುತ್ತದೆ. ಬೇರುಂಡೆಯನ್ನು ಒಡೆಯಬೇಡಿ, ಇಡಿಯಾಗಿ ಇಳಿಸಿ. ಗಿಡಕ್ಕೆ ಎರಡು ಲೀಟರ್ ನೀರು ಹೊಯ್ದು, ಕೈಯಿಂದ ಒತ್ತಿ ಕೂರಿಸಿ.

ಬೆಳೆದ ಗಿಡವನ್ನು ಕಿತ್ತು ಜಾಗ ಬದಲಿಸುವುದು, ಬುಡ ಸೀಳಿ ಎರಡು ಮಾಡುವುದು ಇವೆರಡೂ ಕೊಲಂಬೈನ್‌ಗೆ ಆಗಿಬರುವುದಿಲ್ಲ. ಕ್ಯಾರೆಟ್ಟಿನಂಥ ತಾಯಿಬೇರು ಆಳಕ್ಕೆ ಇಳಿದಿರುತ್ತದೆ, ತುಂಡಾದರೆ ಚೇತರಿಕೆ ಅಪರೂಪ. ತಾನಾಗಿ ಹುಟ್ಟಿದ ಸಸಿಯನ್ನು ಸರಿಸಬೇಕಿದ್ದರೆ ಮೂರು–ನಾಲ್ಕು ಎಲೆಯ ಹಂತದಲ್ಲೇ, ಮಳೆ ಬಂದ ಮರುದಿನ, ಕುರ್ಪಿಯನ್ನು ಪೂರ್ತಿ ಇಳಿಸಿ, ಮಣ್ಣುಂಡೆಯ ಸಮೇತ ಎತ್ತಿ.

ಪಾತಿಯಲ್ಲಿ ಜೋಡಣೆ

ಕಾಟೇಜ್ ತೋಟ ಲೆಕ್ಕವಿಲ್ಲದೆ ಬೆಳೆದಂತೆ ಕಾಣುತ್ತದೆ, ಆದರೆ ಒಳಗೊಳಗೆ ಲೆಕ್ಕ ಇದ್ದೇ ಇರುತ್ತದೆ. ಕೊಲಂಬೈನ್ ಹೂಕಾಂಡ ಎತ್ತರವಾದರೂ ತೆಳು, ಹಿಂದಿನ ಗಿಡಗಳನ್ನು ಮರೆಮಾಡುವುದಿಲ್ಲ. ಆದ್ದರಿಂದ ಇದನ್ನು ‘ಎತ್ತರದ್ದು ಹಿಂದೆ’ ಎಂಬ ನಿಯಮಕ್ಕೆ ಕಟ್ಟಿಹಾಕದೆ ಪಾತಿಯ ನಡುವಿಗೆ, ಅಲ್ಲಲ್ಲಿ ಮುಂಚೂಣಿಗೂ ತರಬಹುದು. ಆದರೆ ಜೂನ್ ಕೊನೆಗೆ ಹೂ ಮುಗಿದು ಎಲೆ ಕತ್ತರಿಸಿದಾಗ ಅಲ್ಲೊಂದು ಖಾಲಿ ಜಾಗ ಬೀಳುತ್ತದೆ. ಅದೇ ಹೊತ್ತಿಗೆ ಹರಡಿಕೊಳ್ಳುವ ಗಿಡ ಮುಂದಿರಬೇಕು.

3 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಪಾತಿಗೆ ಒಂದು ಲೆಕ್ಕ ಕೊಡುವುದಾದರೆ: ಹಿಂದೆ ಒಂದು ಪೊದೆ ಗುಲಾಬಿ, ಅದರ ಪಕ್ಕ ಮೂರು ಫಾಕ್ಸ್‌ಗ್ಲವ್. ನಡುವೆ ಕೊಲಂಬೈನ್ ಒಂಬತ್ತು, ಐದರ ಒಂದು ಗುಂಪು, ಮೂರರ ಇನ್ನೊಂದು, ಉಳಿದ ಒಂದನ್ನು ಗುಂಪಿನಿಂದ ದೂರ, ತಾನೇ ಹುಟ್ಟಿತೇನೋ ಎಂಬಂತೆ. ಮುಂದೆ ‘ಜಾನ್ಸನ್ಸ್ ಬ್ಲೂ’ ಜಿರೇನಿಯಂ ಮೂರು, ಆಲ್ಕೆಮಿಲ ಮಾಲಿಸ್ ಮೂರು. ಇವೆಲ್ಲದರ ಸಂದುಗಳಲ್ಲಿ ಅಕ್ಟೋಬರಿನಲ್ಲಿ ‘ಪರ್ಪಲ್ ಸೆನ್ಸೇಷನ್’ ಆಲಿಯಂ ಗೆಡ್ಡೆ ಹದಿನೈದು. ಆಲಿಯಂನ ನೇರಳೆ ಚೆಂಡುಗಳು ಕೊಲಂಬೈನ್ ಜೊತೆಗೇ ಅರಳುತ್ತವೆ. ಜುಲೈ ಬರುವಷ್ಟರಲ್ಲಿ ಜಿರೇನಿಯಂ ಮತ್ತು ಆಲ್ಕೆಮಿಲ ಹಬ್ಬಿ ತೆರವನ್ನು ಮುಚ್ಚುತ್ತವೆ.

ಆಲ್ಕೆಮಿಲದ ಮೇಲೆ ಒಂದು ಕಣ್ಣಿರಲಿ. ಅದೂ ಬೀಜ ಚೆಲ್ಲುವ ಗಿಡ, ಕೊಲಂಬೈನ್ ಸಸಿಗಳ ಮೇಲೆ ಹಬ್ಬಿ ಅವನ್ನು ಉಸಿರುಗಟ್ಟಿಸುತ್ತದೆ. ಅದರ ಹೂ ಕಂದಾಗುತ್ತಿದ್ದಂತೆ ಕತ್ತರಿಸಿ. ಇನ್ನು ಮಕ್ಕಳಿರುವ ಮನೆಯವರಿಗೆ: ಕೊಲಂಬೈನ್ ಬೀಜ ಮತ್ತು ಬೇರು ವಿಷಕಾರಿ, ಫಾಕ್ಸ್‌ಗ್ಲವ್ ಅದಕ್ಕಿಂತ ಬಹಳ ಹೆಚ್ಚು. ಹೊಳೆಯುವ ಕಪ್ಪು ಬೀಜವನ್ನು ಪುಟ್ಟ ಮಕ್ಕಳ ಕೈಗೆ ಸಿಗದಂತೆ ಇಡಿ. ಜಿಂಕೆ, ಮೊಲಗಳು ಇದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ನೀರು, ಗೊಬ್ಬರ, ಹೊದಿಕೆ

ನೆಟ್ಟ ಮೊದಲ ಬೇಸಿಗೆ ಮಳೆಯಿಲ್ಲದ ವಾರಗಳಲ್ಲಿ ಗಿಡಕ್ಕೆ ಎರಡು ಲೀಟರ್, ಒಂದೇ ಸಲ, ಬುಡಕ್ಕೆ. ದಿನಾ ಚಿಮುಕಿಸುವುದರಿಂದ ಬೇರು ಮೇಲೇ ಉಳಿಯುತ್ತದೆ. ಎರಡನೆಯ ವರ್ಷದಿಂದ ಉದ್ದನೆಯ ಒಣಹವೆಯಲ್ಲಿ ಮಾತ್ರ ನೀರು ಬೇಕು. ಗೊಬ್ಬರ ಮಾರ್ಚ್‌ನಲ್ಲಿ ಗಿಡದ ಸುತ್ತ ಒಂದು ಹಿಡಿ ಕಾಂಪೋಸ್ಟ್, ಅಷ್ಟೇ.

ಹೊದಿಕೆ ಯಾವುದು ಎಂಬುದನ್ನು ಮುಂದೆ ಸಸಿ ಬೇಕೋ ಬೇಡವೋ ಎಂಬುದು ತೀರ್ಮಾನಿಸಬೇಕು. 5 ಸೆಂ.ಮೀ. ತೊಗಟೆ ಹಾಸಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆ, ಆದರೆ ಚೆಲ್ಲಿದ ಬೀಜ ಮೊಳೆಯುವುದೂ ಕಡಿಮೆ. 6–10 ಮಿ.ಮೀ. ಜಲ್ಲಿಯನ್ನು ಎರಡು ಸೆಂ.ಮೀ. ಹಾಸಿದರೆ ಬೀಜ ಸಂದಿನಲ್ಲಿ ಕೂತು ಬೆಳಕು ಕಂಡು ಚೆನ್ನಾಗಿ ಹುಟ್ಟುತ್ತದೆ. ಎರಡರಲ್ಲಿ ಯಾವುದಾದರೂ ಗಿಡದ ಬುಡದಿಂದ ನಾಲ್ಕು ಬೆರಳು ದೂರವಿರಲಿ.

ಹೂ ಬಿಟ್ಟಾಗ, ಹೂ ಮುಗಿದಾಗ

ಮೊದಲ ಹೂ ಬಿಚ್ಚಿದ ದಿನವೇ ಪಾತಿಯನ್ನೊಮ್ಮೆ ಸುತ್ತಬೇಕು. ಬೇಡದ ಬಣ್ಣದ ಗಿಡ ಕಂಡರೆ ಆಗಲೇ ಅದರ ಹೂಕಾಂಡವನ್ನು ಬುಡದಿಂದ ಕತ್ತರಿಸಿ ಹೂದಾನಿಗೆ ಹಾಕಿ. ಎರಡು ವಾರ ಕಾದರೆ ಅದರ ಪರಾಗವನ್ನು ಬಂಬಲ್‌ಬೀಗಳು ಇಡೀ ತೋಟಕ್ಕೆ ಹಂಚಿರುತ್ತವೆ. ಆಮೇಲೆ ಅದನ್ನು ಕಿತ್ತರೂ ಉಳಿದ ಗಿಡಗಳ ಬೀಜದಲ್ಲಿ ಅದರ ಪಾಲು ಸೇರಿರುತ್ತದೆ. ಕೊಂಬಿನ ತುದಿಯಲ್ಲಿ ಸಣ್ಣ ತೂತು ಕಂಡರೆ ರೋಗವೆಂದು ಹೆದರಬೇಡಿ. ನಾಲಿಗೆ ಗಿಡ್ಡವಾಗಿರುವ ಬಂಬಲ್‌ಬೀಗಳು ಮುಂಬಾಗಿಲಿಂದ ಮಕರಂದ ಎಟುಕದೆ ಹಿಂದಿನಿಂದ ಕನ್ನ ಕೊರೆಯುತ್ತವೆ.

ಒಂದು ಗಿಡದ ಬೀಜ ಬೆರಕೆಯಾಗದೆ ಬೇಕೇ ಬೇಕು ಎಂದಿದ್ದರೆ ಮೊಗ್ಗು ಬಿಚ್ಚುವ ಮುಂಚೆಯೇ ಕಾಂಡಕ್ಕೆ ತೆಳು ಬಲೆಬಟ್ಟೆಯ ಚೀಲ ಕಟ್ಟಿ. ಮದುವೆ ಮನೆಗಳಲ್ಲಿ ಒಣಹಣ್ಣು ತುಂಬಿ ಕೊಡುವ ಪುಟ್ಟ ದಾರದ ಚೀಲ ಇದಕ್ಕೆ ಹೇಳಿ ಮಾಡಿಸಿದ್ದು. ಕೊಲಂಬೈನ್ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೆ ಒಂದು ಹೂವಿನಲ್ಲಿ ಪರಾಗ ಮೊದಲು ಉದುರಿ, ಪರಾಗ ಪಡೆಯುವ ಹೆಣ್ಣುಭಾಗವಾದ ಶಲಾಕೆ ಆಮೇಲೆ ಹದಕ್ಕೆ ಬರುತ್ತದೆ. ಹಾಗಾಗಿ ಮೆತ್ತನೆಯ ಕುಂಚದಿಂದ ಅದೇ ಗಿಡದ ಹೊಸ ಹೂವಿನ ಪರಾಗವನ್ನು ಮೂರು–ನಾಲ್ಕು ದಿನ ಹಳೆಯದಾದ ಹೂವಿನ ಶಲಾಕೆಗೆ ಒರೆಸಿ, ಮತ್ತೆ ಚೀಲ ಕಟ್ಟಿ. ಕಾಯಿ ಊದಿಕೊಂಡ ಮೇಲೆ ಚೀಲ ತೆಗೆಯಬಹುದು.

ಹೂ ಉದುರಿದ ಮೇಲೆ ಐದು ಕವಲಿನ ಕಾಯಿ ಮೇಲ್ಮುಖವಾಗಿ ನಿಲ್ಲುತ್ತದೆ. ಹಸಿರಾಗಿರುವಾಗ ಕೀಳಬೇಡಿ. ಕಂದಾಗಿ, ತುದಿ ಬಾಯಿಬಿಟ್ಟು, ಕಾಂಡ ಅಲ್ಲಾಡಿಸಿದರೆ ಗಿಲಗಿಲ ಎಂದಾಗ ಕಾಗದದ ಲಕೋಟೆಯೊಳಕ್ಕೆ ಬಗ್ಗಿಸಿ ತಟ್ಟಿ. ಕಪ್ಪಗೆ ಹೊಳೆಯುವುದು ಬಲಿತ ಬೀಜ, ತಿಳಿಕಂದು ಬಣ್ಣದ್ದು ಬಲಿಯದ್ದು. ಒಂದು ವಾರ ನೆರಳಲ್ಲಿ ಒಣಗಿಸಿ, ಲಕೋಟೆಗೆ ಹಾಕಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ.

ಬೀಜಕ್ಕೆ ಬೇಕಾದ ಒಂದೆರಡು ಕಾಂಡ ಬಿಟ್ಟು ಉಳಿದುದನ್ನೆಲ್ಲ ಕಾಯಿ ಬಲಿಯುವ ಮುಂಚೆ ತೆಗೆಯಿರಿ. ಎಲ್ಲ ಕಾಯಿಯನ್ನೂ ಬಲಿಯಲು ಬಿಟ್ಟರೆ ಗಿಡ ಬೇಗ ಸೊರಗುತ್ತದೆ, ಪಾತಿಯಲ್ಲಿ ಸಸಿಗಳು ಸಾಸಿವೆ ಚೆಲ್ಲಿದಷ್ಟು ಹುಟ್ಟಿ ಕೀಳುವುದೇ ಕೆಲಸವಾಗುತ್ತದೆ. ಅದೇ ಹೊತ್ತಿಗೆ ಹಳೆಯ ಎಲೆಗಳನ್ನೂ ಬುಡದಿಂದ 5 ಸೆಂ.ಮೀ. ಬಿಟ್ಟು ಪೂರ್ತಿ ಸವರಿ, ಒಂದು ಸಲ ಚೆನ್ನಾಗಿ ನೀರು ಕೊಡಿ. ಮೂರು–ನಾಲ್ಕು ವಾರದಲ್ಲಿ ಹೊಸ ಎಲೆಗಳ ದಿಂಡು ಬರುತ್ತದೆ. ಸೆಪ್ಟೆಂಬರಿನಲ್ಲಿ ತಾನಾಗಿ ಹುಟ್ಟಿದ ಸಸಿಗಳಲ್ಲಿ ಗಟ್ಟಿಮುಟ್ಟಾದವನ್ನು 40 ಸೆಂ.ಮೀ.ಗೆ ಒಂದರಂತೆ ಉಳಿಸಿ ಮಿಕ್ಕವನ್ನು ಕಿತ್ತುಹಾಕಿ.

ಹುಳು ಮತ್ತು ರೋಗ

ಎಲೆಯ ಮೇಲೆ ಬಿಳಿ ಸುರುಳಿ ಗೆರೆ ಕಂಡರೆ ಅದು ರಂಗೋಲಿ ಹುಳು. ಎಲೆಯ ಎರಡು ಪದರಗಳ ನಡುವೆ ಮರಿ ತಿನ್ನುತ್ತ ಸಾಗಿದ ದಾರಿ ಅದು. ನೋಡಲು ಅಸಹ್ಯ, ಗಿಡಕ್ಕೆ ಅಪಾಯ ಕಡಿಮೆ. ಔಷಧ ಹೊಡೆದರೂ ಒಳಗಿರುವ ಹುಳುವಿಗೆ ತಾಗುವುದಿಲ್ಲ. ಗೆರೆಯ ತುದಿಯನ್ನು ಬೆರಳಿನಿಂದ ಹಿಚುಕಿ, ಇಲ್ಲವೇ ಎಲೆ ತೆಗೆದುಹಾಕಿ.

ಸಾಫ್ಲೈ ಮರಿಹುಳು ಹಾಗಲ್ಲ. ಏಪ್ರಿಲ್ ಕೊನೆಯಿಂದ ಎಲೆಯಂಚಿನಲ್ಲಿ ಎಲೆಯದೇ ಬಣ್ಣದ ಒಂದು ಸೆಂ.ಮೀ. ಹುಳುಗಳು ಸಾಲಾಗಿ ಕೂತು, ನಾಲ್ಕೈದು ದಿನದಲ್ಲಿ ನರ ಮಾತ್ರ ಉಳಿಸುತ್ತವೆ. ಮೊದಲು ತಿನ್ನುವುದು ಒಳಗಿನ ಎಲೆಗಳನ್ನು, ಹಾಗಾಗಿ ಮೇಲಿನಿಂದ ನೋಡಿದರೆ ಗೊತ್ತಾಗುವುದು ತಡ. ವಾರಕ್ಕೆರಡು ಸಲ ಎಲೆ ಸರಿಸಿ ನೋಡಿ, ಸಿಕ್ಕವನ್ನು ಸೋಪುನೀರಿನ ಬಟ್ಟಲಿಗೆ ಉದುರಿಸಿ. ಚಿಟ್ಟೆ–ಪತಂಗಗಳ ಮರಿಗೆ ಹಾಕುವ ಬಿಟಿ (ಬ್ಯಾಕ್ಟೀರಿಯಾದಿಂದ ಮಾಡಿದ ಕೀಟನಾಶಕ) ಪುಡಿ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಇದು ಕಣಜದ ಬಳಗದ ಕೀಟ. ಎಲೆಯೆಲ್ಲ ಹೋದರೂ ಗಿಡವನ್ನು ಕೀಳಬೇಡಿ, ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ.

ಬೇಸಿಗೆಯ ಕೊನೆಗೆ ಎಲೆಯ ಮೇಲ್ಭಾಗದಲ್ಲಿ ಹಿಟ್ಟು ಚೆಲ್ಲಿದಂತೆ ಬರುವುದು ಬೂದಿರೋಗ. ಬೇರು ಒಣಗಿದಾಗ ಹೆಚ್ಚು. ಎಲೆ ಸವರಿ ನೀರು ಕೊಟ್ಟರೆ ಮುಗಿಯಿತು.

ಹೆದರಬೇಕಾದದ್ದು ಬೂಜು ತುಪ್ಪಟ ರೋಗಕ್ಕೆ. ಪೆರನೋಸ್ಪೊರ ಅಕ್ವಿಲೀಜಿಕೋಲ ಎಂಬ ಈ ರೋಗಾಣು ಬ್ರಿಟನ್ನಿನಲ್ಲಿ ಮೊದಲು ಕಂಡದ್ದು 2013ರಲ್ಲಿ. ಗುರುತು ಹೀಗೆ: ವಸಂತದಲ್ಲಿ ಎಲೆಯ ಮೇಲೆ ನರಗಳ ನಡುವೆ ಕೋನಾಕಾರದ ಹಳದಿ ಮಚ್ಚೆ, ಆಮೇಲೆ ಅದು ಕಂದಾಗುತ್ತದೆ, ಎಲೆ ಅಂಚಿನಿಂದ ಸುರುಳಿಕೊಳ್ಳುತ್ತದೆ, ಎಲೆಯ ಅಡಿಭಾಗದಲ್ಲಿ ಬಿಳಿಯ ತುಪ್ಪಟ, ಹೂಕಾಂಡದ ಮೇಲೆ ನೇರಳೆಗಪ್ಪು ಗೀರು, ಹೂ ವಿಕಾರ. ಬೂದಿರೋಗ ಎಲೆಯ ಮೇಲೆ ಒಣಹವೆಯಲ್ಲಿ ಎದ್ದು ಕಾಣುತ್ತದೆ, ಇದು ಎಲೆಯ ಕೆಳಗೆ ತೇವದ ಹವೆಯಲ್ಲಿ. ಮನೆತೋಟಕ್ಕೆ ಇದರ ಔಷಧವಿಲ್ಲ. ಎಲೆ ಸವರಿದರೂ ಗಿಡದೊಳಗೆ ಉಳಿಯುತ್ತದೆ, ಅದರ ಬೀಜಕಣಗಳು ಮಣ್ಣಿನಲ್ಲೂ ಉಳಿಯುತ್ತವೆ. ಕಂಡ ದಿನವೇ ಗಿಡವನ್ನು ಬೇರುಸಮೇತ ಕಿತ್ತು, ಅಲ್ಲೇ ಚೀಲಕ್ಕೆ ಹಾಕಿ ಬಾಯಿಕಟ್ಟಿ ವಿಲೇವಾರಿ ಮಾಡಿ. ಮನೆಯ ಕಾಂಪೋಸ್ಟ್ ಗುಡ್ಡೆಗೆ ಬೇಡವೇ ಬೇಡ. ಆ ಪಾತಿಯಲ್ಲಿ ಕನಿಷ್ಠ ಒಂದು ವರ್ಷ ಕೊಲಂಬೈನ್ ಬೆಳೆಯಬೇಡಿ, ತಾನಾಗಿ ಹುಟ್ಟುವ ಸಸಿಗಳನ್ನೂ ಕೀಳಿ. ರೋಗ ತೋಟಕ್ಕೆ ಬರುವುದು ಬಹುಮಟ್ಟಿಗೆ ಕೊಂಡುತಂದ ಗಿಡಗಳ ಜೊತೆ. ಗಿಡಕ್ಕಿಂತ ಬೀಜದಿಂದ ಶುರು ಮಾಡುವುದು ಕ್ಷೇಮ ಎನ್ನುವುದಕ್ಕೆ ಇದೇ ದೊಡ್ಡ ಕಾರಣ.

ಇಂಗ್ಲೆಂಡಿನಾಚೆ

ನ್ಯೂಜೆರ್ಸಿ, ಪೆನ್ಸಿಲ್ವೇನಿಯಗಳ ಕನ್ನಡಿಗರಿಗೆ ವಲ್ಗ್ಯಾರಿಸ್‌ಗಿಂತ ಅಲ್ಲಿನದೇ ಆದ ಅಕ್ವಿಲೀಜಿಯ ಕೆನಡೆನ್ಸಿಸ್ ಒಳ್ಳೆಯ ಆಯ್ಕೆ. ಕೆಂಪು ಕೊಂಬು, ಹಳದಿ ಬಾಯಿ, ಹಮ್ಮಿಂಗ್‌ಬರ್ಡ್ ಬರುವ ಹೂ. ಕ್ಯಾಲಿಫೋರ್ನಿಯದವರಿಗೆ ಅಕ್ವಿಲೀಜಿಯ ಫಾರ್ಮೋಸ. ಟೆಕ್ಸಾಸಿನ ಸೆಕೆ ತಡೆಯುವುದು ಹಳದಿ ಹೂವಿನ ಅಕ್ವಿಲೀಜಿಯ ಕ್ರೈಸಾಂಥದ ‘ಹಿಂಕ್ಲಿಯಾನ’ ಬಗೆ. ಅದಕ್ಕೂ ಮಧ್ಯಾಹ್ನದ ನೆರಳು ಬೇಕೇ ಬೇಕು. ನೀಲಿ–ಬಿಳಿಯ ಅಕ್ವಿಲೀಜಿಯ ಸೆರೂಲಿಯ 1899ರಿಂದ ಕೊಲೊರಾಡೊದ ರಾಜ್ಯಪುಷ್ಪ. ಅಲ್ಲಿನ 1925ರ ಕಾಯ್ದೆಯ ಪ್ರಕಾರ ಸರ್ಕಾರಿ ಜಮೀನಿನಲ್ಲಿ ಅದನ್ನು ಬೇರುಸಮೇತ ಕೀಳುವಂತಿಲ್ಲ.

ಭಾರತಕ್ಕೂ ಸ್ವಂತ ಕೊಲಂಬೈನ್‌ಗಳಿವೆ. ಪಶ್ಚಿಮ ಹಿಮಾಲಯದ ಅಕ್ವಿಲೀಜಿಯ ಪ್ಯೂಬಿಫ್ಲೋರ ಮತ್ತು ಸುವಾಸನೆಯ ಫ್ರ್ಯಾಗ್ರನ್ಸ್. ಎರಡೂ ಚಳಿಗಾಲದ ಹಿಮಕ್ಕೆ ಒಗ್ಗಿದವು. ಬೆಂಗಳೂರಿನಲ್ಲಿ ರಾತ್ರಿಯ ಉಷ್ಣತೆ 12 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪ, ಮೊಗ್ಗು ಕಟ್ಟಲು ಬೇಕಾದ ವಾರಗಟ್ಟಲೆಯ ಚಳಿ ಅಲ್ಲಿ ಸಿಗುವುದಿಲ್ಲ. ಫ್ರಿಜ್ಜಿನ ನೆರವಿನಿಂದ ಬೀಜ ಮೊಳೆಯುತ್ತದೆ, ಸೊಗಸಾದ ಎಲೆಯೂ ಬರುತ್ತದೆ, ಹೂ ಬರುವುದಿಲ್ಲ. ಊರಿನಲ್ಲಿರುವ ಅಕ್ಕತಂಗಿಯರಿಗೆ ಕೊಡಲೆಂದು ಬೀಜವನ್ನು ಸೂಟ್‌ಕೇಸಿನಲ್ಲಿ ಒಯ್ಯುವವರು ಇದನ್ನು ಗಮನಿಸಬೇಕು. ಜೊತೆಗೆ, 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಭಾರತಕ್ಕೆ ಬರುವ ಬೀಜಕ್ಕೆ ಆಮದು ಪರವಾನಗಿಯೂ ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು.